ಟೀಚರಮ್ಮನ ಅಂಚೆ: ಮಗುವಿನ ಮನೆ ಪಾಠದೊಳಗೆ ಬರಲಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪ್ರಾಥಮಿಕ ಶಾಲೆಯ ಶಿಕ್ಷಕರದ್ದು. ‘ಮಕ್ಕಳು ಬೇರೆ ಬೇರೆ ಮಾತು, ಊಟ, ಹಬ್ಬ ಇರುವ ಮನೆಗಳಿಂದ ಬರುತ್ತಾರೆ. ನಮಗೆ ಆ ಮನೆಗಳು ಗೊತ್ತಿಲ್ಲ. ಏನು ಮಾಡೋಣ?’ ಎಲ್ಲರೂ ಕೇಳಿರುವುದು ಹೆಚ್ಚುಕಡಿಮೆ ಇದನ್ನೇ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ. ಮಕ್ಕಳ ಗುರುತು ಸಿಗಬಾರದು ಎಂದು ಬರೆದವರ ಹೆಸರು, ಶಾಲೆಯ ಹೆಸರು ಹಾಕಿಲ್ಲ.

ಪ್ರಶ್ನೆ: ನಾನು ಹೊಸದಾಗಿ ನೇಮಕವಾದವಳು. ನಮ್ಮ ಶಾಲೆ ಲಂಬಾಣಿ ತಾಂಡಾದಲ್ಲಿದೆ. ಒಂದನೇ ತರಗತಿ ಮಕ್ಕಳು ಒಳಗೆ ಬಾಯಿಯೇ ಬಿಡುವುದಿಲ್ಲ. ಬೆಲ್ ಹೊಡೆದರೆ ಸಾಕು, ಹೊರಗೆ ಹೋಗಿ ಕೂಗಾಡುತ್ತಾರೆ. ‘ಇಲ್ಲಿನ ಮಕ್ಕಳೇ ಹಾಗೆ, ಜಾಸ್ತಿ ತಲೆ ಕೆಡಿಸ್ಕೋಬೇಡಿ’ ಎನ್ನುತ್ತಾರೆ ಜೊತೆಯವರು. ನನಗೆ ಹಾಗೆ ಬಿಡಲು ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?
— ಶಿಕ್ಷಕಿ, ವಿಜಯಪುರ ಜಿಲ್ಲೆ

ಉತ್ತರ: ಹೊರಗೆ ಕೂಗಾಡುವ ಮಕ್ಕಳಿಗೆ ಮಾತು ಬರುತ್ತದೆ ಅಲ್ವಾ? ನೀವು ಆಡುವ ಮಾತು ಇನ್ನೂ ಬರುವುದಿಲ್ಲ, ಅಷ್ಟೇ. ತಾಂಡಾದ ಮನೆಗಳಲ್ಲಿ ಆಡುವುದು ಗೋರ್ ಬೋಲಿ. ಅದು ರಾಜಸ್ಥಾನ, ಗುಜರಾತ್ ಕಡೆಯ ಮಾತುಗಳಿಗೆ ನೆಂಟ. ಕನ್ನಡದ ಕುಲವೇ ಬೇರೆ. ಆರು ವರ್ಷದ ಮಗು ಸಂತೆಯಲ್ಲೋ ಬಸ್ಸಿನಲ್ಲೋ ಒಂದಿಷ್ಟು ಕನ್ನಡ ಕೇಳಿರುತ್ತದೆ. ದಿನಪೂರ್ತಿ ಕನ್ನಡ ಕೇಳುವುದು ನಿಮ್ಮ ತರಗತಿಗೆ ಬಂದ ಮೇಲೆಯೇ. ಹೊಸ ಭಾಷೆಗೆ ಬಿದ್ದ ಮಗು ಕೆಲವು ತಿಂಗಳು ಸುಮ್ಮನೆ ಕೂತು ಕೇಳಿಸಿಕೊಳ್ಳುವುದು ಸಹಜ. ಆಗ ‘ಹೇಳು, ಬಾಯಿ ಇಲ್ವಾ’ ಎಂದು ಒತ್ತಾಯ ಮಾಡಿದರೆ ಇನ್ನಷ್ಟು ಮುದುಡಿ ಕೂರುತ್ತದೆ.

ಇಂಡಿ ಕಡೆಯ ತಾಂಡಾ ಶಾಲೆಯಲ್ಲಿ ನಾನು ಬಹಳ ವರ್ಷ ಇದ್ದವಳು. ಅಲ್ಲಿ ಕೈಹಿಡಿದ ಕೆಲವು ದಾರಿ ಹೇಳುತ್ತೇನೆ. ಮೊದಲು ನೀವು ಅವರ ಮಾತು ಒಂದಿಷ್ಟು ಕಲಿಯಿರಿ. ತಾಯಿಗೆ ಯಾಡಿ, ನೀರಿಗೆ ಪಾಣಿ, ರೊಟ್ಟಿಗೆ ಬಾಟಿ. ಹಸಿವು, ಹೊಟ್ಟೆನೋವು, ಹೊರಗೆ ಹೋಗಬೇಕು ಎನ್ನುವುದಕ್ಕೆಲ್ಲ ಏನೆನ್ನುತ್ತಾರೆ ಎಂದು ಮಕ್ಕಳನ್ನೇ ಕೇಳಿ. ಟೀಚರ್‌ಗೆ ಹೇಳಿಕೊಡುವ ಕೆಲಸ ಸಿಕ್ಕರೆ ಅವರ ಬಾಯಿ ತಾನೇ ಬಿಚ್ಚುತ್ತದೆ. ಆಮೇಲೆ ಕತೆ. ಚಿತ್ರ ತೋರಿಸುತ್ತಾ ನೀವು ಕನ್ನಡದಲ್ಲಿ ಹೇಳಿ. ನಾಲ್ಕನೇ ತರಗತಿಯ ಚುರುಕು ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕತೆಯನ್ನು ಗೋರ್ ಬೋಲಿಯಲ್ಲಿ ಹೇಳಿಸಿ. ಪ್ರಶ್ನೆ ನೀವು ಕನ್ನಡದಲ್ಲೇ ಕೇಳಿ, ಉತ್ತರ ಅವರ ಮಾತಿನಲ್ಲೇ ಬರಲಿ. ಬಂದ ಉತ್ತರವನ್ನು ನೀವು ಕನ್ನಡದಲ್ಲಿ ಒಮ್ಮೆ ಹೇಳಿ ಬೋರ್ಡಿನ ಮೇಲೆ ಬರೆಯಿರಿ. ದೀಪಾವಳಿ ಹೊತ್ತಿಗೆ ಕನ್ನಡದ ತುಂಡು ಮಾತುಗಳು ಅಲ್ಲೊಂದು ಇಲ್ಲೊಂದು ಶುರುವಾಗುತ್ತವೆ. ಯಾರಾದರೂ ‘ಶಾಲೆಯಲ್ಲಿ ಆ ಭಾಷೆ ಯಾಕೆ’ ಎಂದು ಕೇಳಿದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ನೋಡಿ ಅನ್ನಿ. ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ತಾಯಿನುಡಿಯಲ್ಲೇ ಕಲಿಸಬೇಕು ಎಂದು ಅಲ್ಲಿ ಬರೆದಿದೆ.

ಇನ್ನು ಪಾಠದ ವಿಷಯ. ಶ್ರಾವಣದಲ್ಲಿ ತಾಂಡಾಗಳಲ್ಲಿ ತೀಜ್ ಹಬ್ಬ ಬರುತ್ತದೆ. ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಮಣ್ಣು, ಗೊಬ್ಬರ ತುಂಬಿ ಗೋಧಿ ಬಿತ್ತುತ್ತಾರೆ. ಒಂಬತ್ತು ದಿನ ಹಾಡು ಹೇಳುತ್ತಾ ನೀರು ಹಾಕುತ್ತಾರೆ. ಕೊನೆಗೆ ಎಲ್ಲರೂ ಸೇರಿ ಸಸಿಗಳನ್ನು ಹೊಳೆಗೋ ಕೆರೆಗೋ ಬಿಡುತ್ತಾರೆ. ಪರಿಸರ ಅಧ್ಯಯನದಲ್ಲಿ ಬೀಜ ಮೊಳೆಯುವ ಪಾಠ ಇದೆ. ಆ ಪಾಠವನ್ನು ತೀಜ್ ವಾರಕ್ಕೆ ಇಟ್ಟುಕೊಳ್ಳಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು, ಓದುವಾಗ ದನಿಯೇ ಏಳುತ್ತಿರಲಿಲ್ಲ. ಬುಟ್ಟಿಯ ವಿಷಯ ಕೇಳಿದ ದಿನ ಎದ್ದು ನಿಂತಳು. ಗೋಧಿಯನ್ನು ಹಿಂದಿನ ರಾತ್ರಿಯೇ ನೆನೆ ಹಾಕಬೇಕು, ನೀರು ಸುರಿಯಬಾರದು, ಕೈಯಲ್ಲಿ ಚಿಮುಕಿಸಬೇಕು, ಜಾಸ್ತಿಯಾದರೆ ಕಾಳು ಕೊಳೆತು ವಾಸನೆ ಬರುತ್ತದೆ, ಮನೆಯೊಳಗಿಟ್ಟ ಸಸಿ ಹಳದಿ, ಬಿಸಿಲು ಕಂಡದ್ದು ಹಸಿರು. ಅರ್ಧ ಗೋರ್ ಬೋಲಿ, ಅರ್ಧ ಕನ್ನಡ. ಪಾಠದಲ್ಲಿ ಇದ್ದದ್ದೆಲ್ಲ ಬಂತು, ಇಲ್ಲದ್ದೂ ಬಂತು. ನಾನು ಮಾಡಿದ ಕೆಲಸ ಇಷ್ಟೇ, ಅವಳು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆದು, ಉಳಿದವರು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಹಾಗೆ ಮಾಡಿದ್ದು.

ಮನೆಗಳಿಗೆ ಹೋಗಿ. ಸಂಜೆ ಹೊಲದಿಂದ ಎಲ್ಲರೂ ಬಂದ ಮೇಲೆ ಹೋಗಿ. ತಾಂಡಾದ ಹಿರಿಯ ಮುಖಂಡರಾದ ನಾಯಕ, ಕಾರಭಾರಿಗೆ ಮೊದಲು ಒಂದು ಮಾತು ತಿಳಿಸಿದರೆ ಒಳ್ಳೆಯದು. ಹಾಜರಿ ಪುಸ್ತಕ ಕೈಯಲ್ಲಿ ಹಿಡಿದು ಹೋಗಬೇಡಿ. ಮಗುವಿನ ಮೇಲೆ ದೂರು ಹೇಳುತ್ತಾ ಮಾತು ಶುರು ಮಾಡಬೇಡಿ. ಚಹಾ ಕೊಟ್ಟರೆ ಕುಡಿಯಿರಿ, ಅದೇ ಅರ್ಧ ಕೆಲಸ. ಮಗು ಮನೆಯಲ್ಲಿ ಏನೇನು ಮಾಡುತ್ತದೆ, ಯಾರ ಹತ್ತಿರ ಮಲಗುತ್ತದೆ, ಯಾವ ಕೆಲಸದಲ್ಲಿ ಕೈ ಚುರುಕು ಎಂದು ಕೇಳಿ.

ದಸರಾ ಕಳೆದ ಮೇಲೆ ಯಾವ ಮನೆಯವರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೊರಡುತ್ತಾರೆ, ಮಗು ಜೊತೆಗೆ ಹೋಗುತ್ತದೋ ಅಜ್ಜಿ ಹತ್ತಿರ ಉಳಿಯುತ್ತದೋ ಎನ್ನುವುದನ್ನು ಶ್ರಾವಣದಲ್ಲೇ ಕೇಳಿಟ್ಟುಕೊಳ್ಳಿ. ಅಜ್ಜಿ ಒಪ್ಪಿದರೆ, ಅಥವಾ ಹತ್ತಿರದಲ್ಲಿ ಹಂಗಾಮಿ ಹಾಸ್ಟೆಲ್ ನಡೆಯುತ್ತಿದ್ದರೆ, ಮಗುವನ್ನು ಉಳಿಸಿಕೊಳ್ಳುವ ಮಾತು ಆಗಲೇ ಆಗಬೇಕು. ಟ್ರಾಕ್ಟರ್ ಬಂದು ನಿಂತ ದಿನ ಹೋಗಿ ಹೇಳಿದರೆ ಯಾರೂ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಯುಗಾದಿ ಹೊತ್ತಿಗೆ ವಾಪಸ್ ಬಂದ ಮಗುವನ್ನು ಹಿಂದಿನ ಸಾಲಿಗೆ ತಳ್ಳಬೇಡಿ. ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಿ, ಬಿಟ್ಟುಹೋದ ಪಾಠಕ್ಕೆ ಬೇರೆಯಾಗಿ ತರಬೇತಿ ಕೊಡಬೇಕು ಎಂದು ಅದೇ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ.

ಪ್ರಶ್ನೆ: ಐದನೇ ತರಗತಿಯ ಹುಡುಗನೊಬ್ಬ ಭಾನುವಾರದ ಸಂತೆಯಲ್ಲಿ ಅಪ್ಪನ ಜೊತೆ ತರಕಾರಿ ಮಾರುತ್ತಾನೆ. ಅಲ್ಲಿ ಚಿಲ್ಲರೆ ಲೆಕ್ಕ ಪಟಪಟ ಹೇಳುತ್ತಾನೆ. ಶಾಲೆಯಲ್ಲಿ 100ರಿಂದ 35 ಕಳೆ ಎಂದರೆ ತಪ್ಪು. ಬೇಕೆಂದೇ ಮಾಡುತ್ತಾನಾ?
— ಶಿಕ್ಷಕ, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ಇಲ್ಲ. ಇದೇ ವಿಷಯವನ್ನು ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. 1985ರಲ್ಲಿ ಅದರ ವರದಿ ಬಂತು. ಬೀದಿಯಲ್ಲಿ ಮಾರಾಟ ಮಾಡುವ ಮಕ್ಕಳ ಹತ್ತಿರ ಗಿರಾಕಿಗಳ ಹಾಗೆ ಹೋಗಿ ಲೆಕ್ಕ ಕೇಳಿದರು. ನೂರಕ್ಕೆ 98 ಉತ್ತರ ಸರಿ. ಅವೇ ಮಕ್ಕಳಿಗೆ ಅದೇ ಥರದ ಲೆಕ್ಕವನ್ನು ಬರೀ ಅಂಕಿಗಳಾಗಿ ಕೊಟ್ಟಾಗ ನೂರಕ್ಕೆ 37 ಮಾತ್ರ ಸರಿ. ಒಬ್ಬ ಹುಡುಗನಿಗೆ ಒಂದಕ್ಕೆ 35ರಂತೆ ಹತ್ತು ತೆಂಗಿನಕಾಯಿಯ ಬೆಲೆ ಕೇಳಿದರು. ಶಾಲೆಯಲ್ಲಾದರೆ ಸೊನ್ನೆ ಸೇರಿಸು ಎನ್ನುತ್ತೇವೆ. ಅವನು ಮೂರು ಕಾಯಿಗೆ 105, ಇನ್ನು ಮೂರು ಸೇರಿದರೆ 210 ಎಂದು ಕೂಡಿಸುತ್ತಾ ಹೋಗಿ 350ಕ್ಕೆ ಮುಟ್ಟಿದ. ಬೀದಿಯಲ್ಲಿ ಮೂರು ಮೂರು ಕಾಯಿ ಮಾರಿ ಅವನಿಗೆ ಅದು ರೂಢಿಯಾಗಿದ್ದಿರಬೇಕು.

ನಿಮ್ಮ ಹುಡುಗ ಸಂತೆಯಲ್ಲಿ ಚಿಲ್ಲರೆ ಕೊಡುವುದನ್ನು ಒಂದು ಭಾನುವಾರ ಹೋಗಿ ನೋಡಿ. 35 ರೂಪಾಯಿ ಸಾಮಾನಿಗೆ ನೂರರ ನೋಟು ಕೊಡಿ. ಅವನು ಕಳೆಯುವುದೇ ಇಲ್ಲ. 5 ರೂಪಾಯಿ ನಾಣ್ಯ ಇಟ್ಟು ‘ನಲವತ್ತು’ ಎನ್ನುತ್ತಾನೆ. ಹತ್ತು ಇಟ್ಟು ‘ಐವತ್ತು’, ಐವತ್ತರ ನೋಟು ಇಟ್ಟು ‘ನೂರು’. ನಿಮ್ಮ ಕೈಗೆ 65 ಬಂತು. ಇದು ಸರಿಯಾದ ಗಣಿತ. ಸೋಮವಾರ ಅವನ ಕೈಲೇ ಬೋರ್ಡಿನ ಮೇಲೆ ಇದನ್ನು ಮಾಡಿಸಿ. ಒಂದು ಗೆರೆ ಎಳೆದು 35, 40, 50, 100 ಎಂದು ಗುರುತು ಹಾಕಲಿ, ನಡುವಿನ ಜಿಗಿತಗಳನ್ನು ಬರೆದು ಕೂಡಿಸಲಿ. ಅದರ ಪಕ್ಕದಲ್ಲೇ ನೀವು ದಶಕ ತೆಗೆದುಕೊಂಡು ಕಳೆಯುವ ಕ್ರಮ ಬರೆಯಿರಿ. ಎರಡೂ ಕಡೆ 65 ಬಂದದ್ದನ್ನು ಅವನೇ ನೋಡಲಿ. ಹುಡುಗನಿಗೆ ತನ್ನ ದಾರಿ ತಪ್ಪಲ್ಲ ಎಂದು ಗೊತ್ತಾದ ಮೇಲೆ ನಿಮ್ಮ ದಾರಿ ಕಲಿಯಲು ಭಯ ಇರುವುದಿಲ್ಲ. ಸಂತೆಗೆ ಹೋಗದ ಮಕ್ಕಳಿಗೂ ಇದರಿಂದ ಲಾಭ, ಮನಸ್ಸಿನಲ್ಲೇ ಲೆಕ್ಕ ಹಾಕುವುದು ಬರುತ್ತದೆ.

ಪ್ರಶ್ನೆ: ನಮ್ಮ ಶಾಲೆಗೆ ಹಕ್ಕಿಪಿಕ್ಕಿ ಕುಟುಂಬದ ಮಕ್ಕಳು ಸೇರಿದ್ದಾರೆ. ಹಾಜರಿ ಕರೆಯುವಾಗ ಅವರ ಹೆಸರು ಕೇಳಿ ತರಗತಿ ಪೂರ್ತಿ ನಗುತ್ತದೆ. ಒಳ್ಳೆಯ ಹೆಸರು ಇಟ್ಟು ದಾಖಲೆ ತಿದ್ದಿಸಿಕೊಳ್ಳಿ ಎಂದು ಪೋಷಕರಿಗೆ ಹೇಳಲೇ?
— ಮುಖ್ಯ ಶಿಕ್ಷಕಿ, ಬೆಂಗಳೂರು ಸುತ್ತಲಿನ ಒಂದು ತಾಲ್ಲೂಕು

ಉತ್ತರ: ಹೇಳಬೇಡಿ. ಬಿಡದಿ ಹತ್ತಿರದ ಭದ್ರಾಪುರದ ಹಕ್ಕಿಪಿಕ್ಕಿ ಕಾಲೊನಿಯಲ್ಲಿ ಕಾಫಿ, ಬ್ರಿಟಿಷ್, ಹೈಕೋರ್ಟ್, ಗೂಗಲ್ ಎಂಬ ಹೆಸರಿನವರು ಇದ್ದಾರೆ. ಊರೂರು ತಿರುಗಿ ಬದುಕಿದ ಜನ ತಾವು ಕಂಡದ್ದು, ಕೇಳಿದ್ದು, ಮೆಚ್ಚಿದ್ದನ್ನು ಮಕ್ಕಳಿಗೆ ಹೆಸರಾಗಿ ಇಟ್ಟರು. ಅದು ಅವರ ರೂಢಿ. ನಮ್ಮಲ್ಲಿ ಹೊಳೆ, ಹೂವು, ನಕ್ಷತ್ರಗಳ ಹೆಸರು ಇಡುವುದಿಲ್ವಾ?

ನಗುವನ್ನು ಮಾತ್ರ ಮೊದಲ ದಿನವೇ ನಿಲ್ಲಿಸಬೇಕು. ಅದಕ್ಕೆ ಗದರಿಕೆ ಸಾಲದು. ಎಲ್ಲ ಮಕ್ಕಳಿಗೂ ಒಂದು ಮನೆಕೆಲಸ ಕೊಡಿ. ‘ನನಗೆ ಈ ಹೆಸರು ಯಾರು ಇಟ್ಟರು, ಯಾಕೆ ಇಟ್ಟರು’ ಕೇಳಿಕೊಂಡು ಬನ್ನಿ ಅಂತ. ತಾತನ ಹೆಸರು, ದೇವರ ಹರಕೆ, ಸಿನಿಮಾ ನಟಿ, ಆಸ್ಪತ್ರೆಯ ನರ್ಸ್, ಹೀಗೆ ಒಂದೊಂದು ಹೆಸರಿಗೂ ಒಂದು ಕತೆ ಬರುತ್ತದೆ. ಆ ಸಾಲಿನಲ್ಲಿ ಇವರ ಕತೆಯೂ ಒಂದಾಗುತ್ತದೆ. ಮತ್ತೆ ನೀವು ಆ ಹೆಸರನ್ನು ಮನೆಯವರು ಕರೆಯುವ ಹಾಗೇ, ಸ್ಪಷ್ಟವಾಗಿ, ಮುಖದಲ್ಲಿ ನಗು ಬಾರದ ಹಾಗೆ ಕರೆಯಬೇಕು. ಮಕ್ಕಳು ನೋಡುವುದು ನಿಮ್ಮ ಮುಖವನ್ನೇ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಮಗಳ ಶಾಲೆಯಲ್ಲಿ ಮೊಟ್ಟೆ ತಿನ್ನುವವರಿಗೆ ಒಂದು ಸಾಲು, ಬಾಳೆಹಣ್ಣಿನವರಿಗೆ ದೂರದಲ್ಲಿ ಇನ್ನೊಂದು ಸಾಲು. ಅವಳ ಗೆಳತಿ ಆ ಸಾಲಿನಲ್ಲಿದ್ದಾಳೆ ಎಂದು ಇವಳಿಗೆ ಬೇಜಾರು. ಬೇರೆ ಕೂರಿಸುವುದೇ ಸರಿ ಎನ್ನುತ್ತಾರೆ ಕೆಲವು ಪೋಷಕರು. ನಿಮಗೇನನಿಸುತ್ತದೆ?
— ತಾಯಿ, ತುಮಕೂರು

ಉತ್ತರ: ನಿಮ್ಮ ಮಗಳಿಗೆ ಅನಿಸಿದ್ದೇ ನನಗೂ ಅನಿಸುತ್ತದೆ. ಜೊತೆಯಲ್ಲಿ ಕೂರಿಸಬೇಕು.

ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಶುರುವಾಯಿತು. 2022ರಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಬಂತು. ಮಕ್ಕಳಲ್ಲಿ ರಕ್ತಹೀನತೆ, ತೂಕ ಕಡಿಮೆ ಇರುವುದು ಇದಕ್ಕೆ ಕಾರಣ. ತಿನ್ನದವರಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಮೊದಲಿನಿಂದಲೂ ಇದೆ. ತಟ್ಟೆಯಲ್ಲಿ ಏನಿರಬೇಕು ಎನ್ನುವುದಕ್ಕೆ ಉತ್ತರ ಆಗಲೇ ಇದೆ. ಮಗು ಎಲ್ಲಿ ಕೂರಬೇಕು ಎಂಬ ಪ್ರಶ್ನೆಯನ್ನು ಹುಟ್ಟುಹಾಕಿದ್ದು ದೊಡ್ಡವರು.

ನಮ್ಮ ಹಳ್ಳಿಗಳಲ್ಲಿ ಊಟದ ಸಾಲು ಬೇರೆ ಮಾಡುವುದಕ್ಕೆ ದೊಡ್ಡ ಚರಿತ್ರೆ ಇದೆ. ಮಗುವಿಗೆ ಆ ಚರಿತ್ರೆ ಗೊತ್ತಿಲ್ಲ, ಆದರೆ ಸಾಲಿನ ಅರ್ಥ ಬೇಗ ಗೊತ್ತಾಗುತ್ತದೆ. ಮೊಟ್ಟೆ ಸಾಲು ಕೆಲವು ದಿನಗಳಲ್ಲಿ ಜಾತಿಯ ಸಾಲಾಗುತ್ತದೆ. ಇನ್ನೊಂದು ಮಾತು, ‘ಮೊಟ್ಟೆ ತಿನ್ನುವವರು ಕೈ ಎತ್ತಿ’ ಎಂದು ತರಗತಿಯಲ್ಲಿ ಕೇಳುವುದೂ ತಪ್ಪು. ವರ್ಷದ ಮೊದಲಿಗೆ ಪೋಷಕರ ಹತ್ತಿರ ಬರೆಸಿಕೊಂಡು ಪಟ್ಟಿಯನ್ನು ಅಡುಗೆಯವರ ಹತ್ತಿರ ಇಟ್ಟರೆ ಸಾಕು. ಬಡಿಸುವ ಚಮಚ, ಪಾತ್ರೆ ಬೇರೆ ಇರಲಿ, ಅದು ನಿಮ್ಮ ಮನೆಯ ಪದ್ಧತಿಗೆ ಕೊಡುವ ಗೌರವ. ಕೂರುವ ಜಾಗ ಒಂದೇ ಇರಲಿ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ನೀವೇ ಎತ್ತಿ. ಮೊಟ್ಟೆ ತಿನ್ನದ ಮನೆಯವರು ಹೇಳಿದರೆ ಆ ಮಾತಿಗೆ ತೂಕ ಜಾಸ್ತಿ.

ಪ್ರಶ್ನೆ: ನಮ್ಮ ಆಶ್ರಮ ಶಾಲೆಯಲ್ಲಿ ಜೇನು ಕುರುಬ ಮಕ್ಕಳು ಹೆಚ್ಚು. ವಾರ್ಷಿಕೋತ್ಸವಕ್ಕೆ ಎಲೆಬಳ್ಳಿ ಕಟ್ಟಿ ಅವರ ನೃತ್ಯ ಮಾಡಿಸುತ್ತೇವೆ. ಅತಿಥಿಗಳಿಗೆ ಬಹಳ ಇಷ್ಟ. ಆದರೆ ಈ ವರ್ಷ ಇಬ್ಬರು ಹುಡುಗರು ಒಲ್ಲೆ ಎಂದು ಹಟ ಹಿಡಿದರು. ಅವರ ಸಂಸ್ಕೃತಿಯನ್ನು ಗೌರವಿಸಿದರೂ ಹೀಗೆ ಯಾಕೆ?
— ಶಿಕ್ಷಕ, ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ಆ ಹುಡುಗರ ಅಪ್ಪ ಅಮ್ಮ ಎಲೆಬಳ್ಳಿ ಉಟ್ಟುಕೊಂಡು ಓಡಾಡುತ್ತಾರಾ? ಇಲ್ಲ ಅಲ್ವಾ. ಪ್ಯಾಂಟು, ಅಂಗಿ, ಸೀರೆ ಉಟ್ಟುಕೊಂಡು ಕೆಲಸಕ್ಕೆ ಹೋಗುತ್ತಾರೆ. ವೇದಿಕೆಯ ಮೇಲೆ ಬಂದದ್ದು ಅತಿಥಿಗಳ ತಲೆಯಲ್ಲಿರುವ ಕಾಡಿನ ಜನ. ಹುಡುಗರು ಒಲ್ಲೆ ಎಂದದ್ದು ನನಗೆ ಸಂತೋಷ ಕೊಟ್ಟಿತು. ಅವರ ಮೇಲೆ ದಯವಿಟ್ಟು ಕೋಪ ಮಾಡಿಕೊಳ್ಳಬೇಡಿ.

ನಿಮ್ಮ ತಾಲ್ಲೂಕಿಗೆ ಒಂದು ಹೆಮ್ಮೆ ಇದೆ. ಈಗ ರಾಜ್ಯದ ಶಾಲೆಗಳಲ್ಲೆಲ್ಲ ಹೆಸರಾದ ನಲಿ-ಕಲಿ ಎಂಬ ಕಲಿಕೆಯ ಕ್ರಮ ಮೊದಲು ಶುರುವಾದದ್ದು ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದ ಇಲ್ಲಿನ ಶಿಕ್ಷಕರೇ ಕಾರ್ಡು, ಕಲಿಕಾ ಏಣಿ ಎಲ್ಲ ಮಾಡಿದರು. ಮಗು ತನ್ನ ವೇಗದಲ್ಲಿ ಕಲಿಯಲಿ, ಮಧ್ಯೆ ಕೆಲವು ದಿನ ಬರದಿದ್ದರೂ ಬಿಟ್ಟಲ್ಲಿಂದ ಮುಂದುವರಿಯಲಿ ಎನ್ನುವುದು ಅದರ ಜೀವ. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿತು. ಹಾಡಿಯ, ಅಂದರೆ ಬುಡಕಟ್ಟಿನವರ ಊರಿನ, ಮಕ್ಕಳು ಹೇಗೆ ಬದುಕುತ್ತಾರೆ ಎಂದು ನೋಡಿ ಪಾಠದ ಕ್ರಮವನ್ನೇ ಬದಲಿಸಬಹುದು ಎಂದು ನಿಮ್ಮ ಹಿರಿಯ ಸಹೋದ್ಯೋಗಿಗಳು ತೋರಿಸಿಕೊಟ್ಟಿದ್ದಾರೆ. ನೀವು ಅದನ್ನೇ ಮುಂದುವರಿಸಿ.

ಹಾಡಿಯ ಹಿರಿಯರೊಬ್ಬರನ್ನು ಒಂದು ಬೆಳಗ್ಗೆ ತರಗತಿಗೆ ಕರೆಯಿರಿ. ಹೆಜ್ಜೇನು ಎತ್ತರದ ಮರದ ಕೊಂಬೆಗೆ, ಬಂಡೆಗೆ ಯಾಕೆ ಕಟ್ಟುತ್ತದೆ, ತುಡುವೆ ಪೊಟರೆಯೊಳಗೆ ಯಾಕೆ, ಕೋಲುಜೇನು ಸಣ್ಣ ಪೊದೆಯಲ್ಲಿ ಯಾಕೆ, ಯಾವ ಹೂವಿನ ಕಾಲಕ್ಕೆ ತುಪ್ಪ ಯಾವ ಬಣ್ಣ, ಎಲ್ಲವನ್ನೂ ಅವರು ಹೇಳಲಿ. ಮಕ್ಕಳು ಚಿತ್ರ ಬರೆದು ಪಟ್ಟಿ ಮಾಡಲಿ. ಬಂದವರಿಗೆ ಕುರ್ಚಿ ಹಾಕಿ, ಮೇಷ್ಟ್ರೇ ಎಂದು ಕರೆಯಿರಿ, ಹೋಗುವಾಗ ಅವತ್ತಿನ ಕೂಲಿ ತಪ್ಪಿದ್ದಕ್ಕೆ ಏನಾದರೂ ದಾರಿ ಮಾಡಿ. ಕೂಲಿ ಬಿಟ್ಟು ಬಂದಿರುತ್ತಾರೆ ಎನ್ನುವುದು ಎಷ್ಟೋ ಸಲ ನಮಗೆ ಹೊಳೆಯುವುದೇ ಇಲ್ಲ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಜೇನು ಕುರುಬರ ಮಗು ಎಂದ ಮಾತ್ರಕ್ಕೆ ಜೇನು ಗೊತ್ತಿರಬೇಕಿಲ್ಲ. ನಾಗರಹೊಳೆ ಕಾಡಿನಿಂದ ಹೊರಗೆ ಬಂದ ಎಷ್ಟೋ ಕುಟುಂಬಗಳು ಈಗ ಕೊಡಗಿನ ಕಾಫಿ ತೋಟಗಳಲ್ಲಿ ದುಡಿಯುತ್ತಿವೆ. ಅಲ್ಲಿ ಹುಟ್ಟಿದ ಮಗುವಿಗೆ ಕಾಫಿ ಹಣ್ಣು ಬಿಡಿಸುವುದು, ಚೀಲ ತೂಗುವುದು ಗೊತ್ತು, ಹೆಜ್ಜೇನು ಗೊತ್ತಿಲ್ಲ. ‘ನಿಮ್ಮವರಿಗೆ ಕಾಡೆಲ್ಲ ಗೊತ್ತಿರಬೇಕಲ್ಲ’ ಎಂದು ತರಗತಿಯಲ್ಲಿ ನಿಲ್ಲಿಸಿ ಕೇಳಿದರೆ ಆ ಮಗುವಿಗೆ ಎರಡು ಕಡೆಯಿಂದಲೂ ಅವಮಾನ. ಜಾತಿ, ಬುಡಕಟ್ಟಿನ ಹೆಸರಿನಿಂದ ಏನನ್ನೂ ಊಹೆ ಮಾಡಬೇಡಿ. ಆ ಒಂದು ಮಗುವಿನ, ಆ ಒಂದು ಮನೆಯ ದಿನ ಹೇಗೆ ಕಳೆಯುತ್ತದೆ ಎಂದು ತಿಳಿದುಕೊಳ್ಳಿ.

ವಾರ್ಷಿಕೋತ್ಸವಕ್ಕೆ ಏನು ಮಾಡಬೇಕು ಎಂದು ಆ ಇಬ್ಬರು ಹುಡುಗರನ್ನೇ ಕೇಳಿ. ಸಿನಿಮಾ ಹಾಡಿಗೆ ಕುಣಿಯುತ್ತೇವೆ ಎಂದರೆ ಕುಣಿಯಲಿ ಬಿಡಿ.

ಪ್ರಶ್ನೆ: ಶೌಚಾಲಯ ತೊಳೆಯುವ ಕೆಲಸವನ್ನು ನಮ್ಮ ಮುಖ್ಯ ಶಿಕ್ಷಕರು ಕೆಲವೇ ಮಕ್ಕಳಿಗೆ ಹೇಳುತ್ತಾರೆ. ‘ಅವರ ಮನೆಯಲ್ಲಿ ಅಭ್ಯಾಸ ಇದೆ’ ಎನ್ನುತ್ತಾರೆ. ಏನು ಮಾಡಲಿ?
— ಹೆಸರು, ಊರು ಬೇಡ ಎಂದಿದ್ದಾರೆ

ಉತ್ತರ: ಮಗುವಿನ ಹಿನ್ನೆಲೆ ತಿಳಿದುಕೊಂಡು ಮಾಡುವ ಅತಿ ಕೆಟ್ಟ ಕೆಲಸ ಇದು. ಜಾತಿ ನೋಡಿ ಈ ಕೆಲಸ ಹೇಳಿದರೆ ಅದು ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಬರುವ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಮೊದಲು ಮುಖ್ಯ ಶಿಕ್ಷಕರಿಗೆ ನೇರವಾಗಿ ಹೇಳಿ. ನಿಲ್ಲದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಬರೆದು ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. 1098 ಮಕ್ಕಳ ಸಹಾಯವಾಣಿಗೂ ಕರೆ ಮಾಡಬಹುದು. ಇದರಲ್ಲಿ ಕಾಯುವುದು ಬೇಡ.

ಪ್ರಶ್ನೆ: ಮೂರನೇ ತರಗತಿಗೆ ‘ನಮ್ಮ ಕುಟುಂಬ’ ಪಾಠ. ಅಪ್ಪ, ಅಮ್ಮ, ಅಜ್ಜ, ಅಜ್ಜಿ ಫೋಟೊ ಅಂಟಿಸಿ ವಂಶವೃಕ್ಷ ಮಾಡಿಕೊಂಡು ಬನ್ನಿ ಎಂದೆ. ಒಬ್ಬ ಹುಡುಗಿ ಒಂದು ವಾರ ಶಾಲೆಗೇ ಬರಲಿಲ್ಲ. ಅವಳ ತಾಯಿ ದೇವದಾಸಿ ಎಂದು ಆಮೇಲೆ ಗೊತ್ತಾಯಿತು.
— ಶಿಕ್ಷಕಿ, ಕೊಪ್ಪಳ ಜಿಲ್ಲೆ

ಉತ್ತರ: ಅವಳ ಮನೆಗೆ ಹೋಗಿ ಕರೆದುಕೊಂಡು ಬನ್ನಿ. ಫೋಟೊ ವಿಷಯ ಎತ್ತಬೇಡಿ, ‘ನೀನಿಲ್ಲದೆ ತರಗತಿ ಬಿಕೋ ಅಂತಿದೆ’ ಎಂದರೆ ಸಾಕು.

ದೇವದಾಸಿ ಬಿಡುವ ಪದ್ಧತಿಯನ್ನು ಕರ್ನಾಟಕ 1982ರಲ್ಲೇ ಕಾನೂನು ಮಾಡಿ ನಿಷೇಧಿಸಿದೆ. ಆದರೂ ನಿಮ್ಮ ಭಾಗದ ತರಗತಿಗಳಲ್ಲಿ ಅಂಥ ತಾಯಂದಿರ ಮಕ್ಕಳು ಇದ್ದಾರೆ. ತಂದೆ ತೀರಿಕೊಂಡವರು, ತಂದೆ ಬಿಟ್ಟುಹೋದವರು, ಸೋದರಮಾವನ ಮನೆಯಲ್ಲಿ ಬೆಳೆಯುವವರು, ಹಾಸ್ಟೆಲ್ಲಿನಲ್ಲೇ ಇರುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಮನೆಯಲ್ಲಿ ಫೋಟೊ ಎಂಬ ವಸ್ತುವೇ ಇಲ್ಲದವರೂ ಇದ್ದಾರೆ. ಪಾಠ ಬಿಡಬೇಕಿಲ್ಲ, ಪ್ರಶ್ನೆ ಬದಲಿಸಿ. ‘ನಿನಗೆ ಬೆಳಗ್ಗೆ ತಲೆ ಬಾಚುವವರು ಯಾರು? ಜ್ವರ ಬಂದಾಗ ಪಕ್ಕದಲ್ಲಿ ಕೂರುವವರು ಯಾರು? ನೀನು ಯಾರನ್ನು ನೋಡಿಕೊಳ್ಳುತ್ತೀಯ?’ ಇವಕ್ಕೆ ಎಲ್ಲ ಮಕ್ಕಳ ಹತ್ತಿರವೂ ಉತ್ತರ ಇರುತ್ತದೆ. ಚಿತ್ರ ಅವರೇ ಬರೆಯಲಿ. ತಂಗಿಯನ್ನು ಎತ್ತಿಕೊಂಡ ತಾನು, ಅಕ್ಕಪಕ್ಕದ ಅಜ್ಜಿ, ಮೇಕೆ ಎಲ್ಲ ಬರುತ್ತವೆ. ಕುಟುಂಬ ಎಂದರೆ ಏನು ಎನ್ನುವ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.

ಹಾಗೇ ಹಾಜರಿ ಕರೆಯುವಾಗ, ಬಹುಮಾನ ಕೊಡುವಾಗ, ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ ತಂದೆಯ ಹೆಸರು, ಜಾತಿಯನ್ನು ಎಲ್ಲರ ಎದುರು ಕೇಳಬಾರದು. ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದು ಕೇಳುವುದಕ್ಕೆ ಹತ್ತು ನಿಮಿಷ ಜಾಸ್ತಿ ಬೇಕು, ಅಷ್ಟೇ.

ಪ್ರಶ್ನೆ: ಬೆಂಗಳೂರಿನ ಸರ್ಕಾರಿ ಶಾಲೆ. ಸುತ್ತ ಕಟ್ಟಡ ಕೆಲಸ. ನನ್ನ ತರಗತಿಯಲ್ಲಿ ತಮಿಳು, ತೆಲುಗು, ಉರ್ದು, ಬಂಗಾಳಿ, ನೇಪಾಳಿ ಮಾತಾಡುವ ಮಕ್ಕಳಿದ್ದಾರೆ. ಯಾದಗಿರಿ, ರಾಯಚೂರು ಕಡೆಯ ಮಕ್ಕಳ ಕನ್ನಡ ಕೇಳಿ ಉಳಿದವರು ಗೇಲಿ ಮಾಡುತ್ತಾರೆ. ನನಗೆ ಕನ್ನಡ, ಇಂಗ್ಲಿಷ್ ಬಿಟ್ಟು ಏನೂ ಬರುವುದಿಲ್ಲ.
— ಶಿಕ್ಷಕ, ಬೆಂಗಳೂರು

ಉತ್ತರ: ಎಲ್ಲ ಭಾಷೆ ನಿಮಗೆ ಬರಬೇಕಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿ ಎಂದವರು ರಾಜ್ಯದಲ್ಲಿ ನೂರಕ್ಕೆ 66ರಷ್ಟು. ನಿಮ್ಮದು ವಿಚಿತ್ರ ತರಗತಿಯೇನಲ್ಲ. ಗೋಡೆಯ ಮೇಲೆ ನೀರು, ಬಾಗಿಲು, ಪುಸ್ತಕ ಎಂದು ದೊಡ್ಡದಾಗಿ ಕನ್ನಡದಲ್ಲಿ ಬರೆಯಿರಿ. ಅದರ ಕೆಳಗೆ ಪ್ರತಿ ಮಗು ತನ್ನ ಮಾತಿನ ಪದವನ್ನು ಕನ್ನಡ ಅಕ್ಷರದಲ್ಲೇ ಬರೆಯಲಿ. ಕನ್ನಡ ಲಿಪಿಯ ಅಭ್ಯಾಸವೂ ಆಯಿತು, ಮನೆಮಾತಿಗೆ ಗೋಡೆಯ ಮೇಲೆ ಜಾಗವೂ ಸಿಕ್ಕಿತು. ಹೊಸದಾಗಿ ಬಂದ ಮಗುವನ್ನು ಅದೇ ಮಾತಾಡುವ ಮಗುವಿನ ಪಕ್ಕ ಕೂರಿಸಿ. ಕೆಲವು ವಾರ ಆದ ಮೇಲೆ ಕನ್ನಡ ಮಾತಾಡುವ ಮಗುವಿನ ಪಕ್ಕಕ್ಕೆ ಬದಲಿಸಿ.

ಯಾದಗಿರಿ ಮಕ್ಕಳ ವಿಷಯ ನನಗೆ ಹೆಚ್ಚು ನೋವು ಕೊಟ್ಟಿತು. ಅವರದ್ದು ಕನ್ನಡವೇ. ತಮ್ಮದೇ ಭಾಷೆಯ ಶಾಲೆಯಲ್ಲಿ ನಾಚಿಕೊಂಡು ಕೂರುವ ಹಾಗಾಗಬಾರದು. ‘ಕವಿರಾಜಮಾರ್ಗ’ ಹುಟ್ಟಿದ್ದು 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ. ಅವರ ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಆ ಗ್ರಂಥ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು ತೋರಿಸುತ್ತದೆ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ, ಒಂಕುಂದ ಎಂದರೆ ಬೆಳಗಾವಿ ಜಿಲ್ಲೆಯ ಒಕ್ಕುಂದ. ಗೇಲಿ ಮಾಡುವ ಮಕ್ಕಳಿಗೆ ಭೂಪಟ ಹಾಕಿ ಈ ಊರುಗಳನ್ನು ತೋರಿಸಿ. ಓದುವಾಗ ಪುಸ್ತಕದ ಕನ್ನಡ, ಮಾತಾಡುವಾಗ ಅವರವರ ಕನ್ನಡ, ಎರಡೂ ತರಗತಿಯಲ್ಲಿ ಇರಲಿ. ನೀವಂತೂ ಆ ಮಕ್ಕಳ ಮಾತನ್ನು ಮಧ್ಯದಲ್ಲಿ ತಡೆದು ತಿದ್ದಬೇಡಿ.

ಶೆಡ್ಡುಗಳಿಂದ ನವೆಂಬರ್‌ನಲ್ಲೋ ಜನವರಿಯಲ್ಲೋ ಮಗು ಬಂದರೆ ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಎಂದು ವಾಪಸ್ ಕಳಿಸುವ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಟಿಸಿ ತಡವಾದರೆ 5ನೇ ಸೆಕ್ಷನ್, ವಯಸ್ಸಿನ ದಾಖಲೆ ಇಲ್ಲದಿದ್ದರೆ 14ನೇ ಸೆಕ್ಷನ್. ಆಫೀಸ್ ಕೋಣೆಯಲ್ಲಿ ಬರೆದು ಅಂಟಿಸಿಡಿ.

ಪ್ರಶ್ನೆ: ನಾನು ಮನೆಗೆಲಸ ಮಾಡುತ್ತೇನೆ. ಓದಿಲ್ಲ. ಪೋಷಕರ ಸಭೆಗೆ ಹೋದರೆ ಹಿಂದೆ ನಿಂತು ಬರುತ್ತೇನೆ. ಮಗನ ಟೀಚರ್ ಹತ್ತಿರ ಏನು ಮಾತಾಡಬೇಕು ಎಂದೇ ಗೊತ್ತಾಗುವುದಿಲ್ಲ. ಈ ಪತ್ರ ದೊಡ್ಡ ಮಗಳ ಕೈಲಿ ಬರೆಸಿದ್ದು.
— ತಾಯಿ, ಮೈಸೂರು

ಉತ್ತರ: ನಿಮ್ಮ ಮಗನ ಬಗ್ಗೆ ಟೀಚರ್‌ಗಿಂತ ನಿಮಗೆ ಜಾಸ್ತಿ ಗೊತ್ತು. ಅದನ್ನೇ ಹೇಳಿ. ಮನೆಯಲ್ಲಿ ಯಾವ ಮಾತಾಡುತ್ತೀರಿ, ಬೆಳಗ್ಗೆ ನೀವು ಕೆಲಸಕ್ಕೆ ಹೋದ ಮೇಲೆ ಅವನನ್ನು ಯಾರು ಎಬ್ಬಿಸಿ ಕಳಿಸುತ್ತಾರೆ, ತಿಂಡಿ ತಿಂದು ಬರುತ್ತಾನೋ ಹಾಗೇ ಬರುತ್ತಾನೋ, ರಾತ್ರಿ ಓದಲು ದೀಪ, ಜಾಗ ಇದೆಯಾ, ಯಾವುದಕ್ಕೆ ಹೆದರುತ್ತಾನೆ, ಯಾವ ಕೆಲಸ ಹೇಳಿದರೆ ಓಡಿ ಹೋಗಿ ಮಾಡುತ್ತಾನೆ. ಇಷ್ಟು ಗೊತ್ತಾದರೆ ಒಳ್ಳೆಯ ಟೀಚರ್‌ಗೆ ಅವನನ್ನು ನಡೆಸಿಕೊಳ್ಳುವುದು ಸುಲಭ. ತಡವಾಗಿ ಬಂದಾಗ ಬೈಯುವ ಬದಲು ಒಳಗೆ ಕರೆದು ಕೂರಿಸುತ್ತಾರೆ.

ಸಭೆಯ ದಿನ ಗದ್ದಲದಲ್ಲಿ ಇದೆಲ್ಲ ಆಗುವುದಿಲ್ಲ. ಸಂಜೆ ಶಾಲೆ ಬಿಡುವ ಹೊತ್ತಿಗೆ ಹೋಗಿ, ‘ಐದು ನಿಮಿಷ ಮಾತಾಡಬೇಕಿತ್ತು’ ಎನ್ನಿ. ಅವತ್ತು ಆಗದಿದ್ದರೆ ಯಾವತ್ತು ಬರಲಿ ಎಂದು ಕೇಳಿ ಬನ್ನಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವಳ ಅಕ್ಷರ ಚೆನ್ನಾಗಿದೆ.